ಸಾಹುಕಾರರ ಸಹಿ ಗೇಟಿನವರೆಗೆ: ಎಚ್‌ಐವಿ ಸಂಶೋಧನೆಯ ಬಗ್ಗೆ ಕೊಡಗಿನ ಓದುಗರ ಪ್ರಶ್ನೆಗಳು

ತೋಟದ ಲೈನ್ ಮನೆಗಳಿಗೆ, ಬುಡಕಟ್ಟು ಜನರ ಹಾಡಿಗಳಿಗೆ ಆರೋಗ್ಯ ಸಮೀಕ್ಷೆಗೆಂದು ಬರುವ ತಂಡಗಳ ಬಗ್ಗೆ ಕೊಡಗಿನಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಯಾರ ಹೆಸರನ್ನೂ ಹಾಕಿಲ್ಲ. ಚಿಕ್ಕ ಜಿಲ್ಲೆ, ಮನೆ ಹೆಸರು ಹೇಳಿದರೆ ಊರೇ ಗುರುತು ಹಿಡಿಯುತ್ತದೆ.

ಪ್ರಶ್ನೆ: ನಮ್ಮ ತೋಟದಲ್ಲಿ ಎಂಟು ಲೈನ್ ಮನೆಗಳಿವೆ, ನಲವತ್ತು ಮಂದಿ ಕೆಲಸದವರಿದ್ದಾರೆ. ಎಚ್‌ಐವಿ ತಡೆಯ ಅಧ್ಯಯನಕ್ಕೆ ಎಲ್ಲರನ್ನೂ ಮಾತಾಡಿಸಿ ರಕ್ತ ಪರೀಕ್ಷೆ ಮಾಡಬೇಕೆಂದು ಒಂದು ತಂಡ ಕೇಳಿತು. ನಾನು ಸಹಿ ಹಾಕಿ ಕೊಟ್ಟೆ. ಅಷ್ಟು ಸಾಕಲ್ಲವೇ? ಯಾರಿಗಾದರೂ ಸೋಂಕಿದ್ದರೆ ಮಾಲೀಕನಾದ ನನಗೆ ಹೇಳಬೇಕಲ್ಲವೇ?
– ಕಾಫಿ ಬೆಳೆಗಾರ, ವಿರಾಜಪೇಟೆ ತಾಲ್ಲೂಕು

ಸಾಲದು. ಹೇಳಬೇಕಾಗಿಯೂ ಇಲ್ಲ, ಹೇಳಲೂಬಾರದು. ನಿಮ್ಮ ಸಹಿಯಿಂದ ತಂಡದ ಜೀಪು ಗೇಟು ದಾಟಬಹುದು, ಅಷ್ಟೇ. ಒಳಗೆ ಬಂದ ಮೇಲೆ ಒಬ್ಬೊಬ್ಬ ಕಾರ್ಮಿಕರೂ ಬೇರೆ ಬೇರೆಯಾಗಿ ಒಪ್ಪಬೇಕು. ಬೇಡ ಎಂದರೆ ಮಾತು ಅಲ್ಲಿಗೆ ಮುಗಿಯಿತು, ಕಾರಣ ಕೇಳುವಂತಿಲ್ಲ. ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ 2017ರದು, ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ರಂದು. ವಿಷಯ ತಿಳಿದು ಕೊಟ್ಟ ಒಪ್ಪಿಗೆಯಿಲ್ಲದೆ ಪರೀಕ್ಷೆಯನ್ನಾಗಲಿ ಸಂಶೋಧನೆಯನ್ನಾಗಲಿ ನಡೆಸಬಾರದು, ಕೆಲಸ ಕೊಡಲು ಪರೀಕ್ಷೆಯನ್ನು ಷರತ್ತು ಮಾಡಬಾರದು ಎಂದು ಅದರಲ್ಲಿದೆ. ಸಮೀಕ್ಷೆಗಳ ಪೈಕಿ, ಯಾರ ರಕ್ತವೆಂದು ಗುರುತಿಲ್ಲದ ಕಣ್ಗಾವಲು ಸಮೀಕ್ಷೆಗೆ ಮಾತ್ರ ವಿನಾಯಿತಿ. ಅಲ್ಲಿಯೂ ಏತಕ್ಕೆ ಸಮೀಕ್ಷೆ ಎಂದು ತಿಳಿಸಲೇಬೇಕು.

ತಂಡದಿಂದ ಮೊದಲು ಮೂರು ಕಾಗದ ಕೇಳಿ. ಒಂದು, ಸಂಶೋಧನೆಯಿಂದ ಜನರಿಗೆ ಅನ್ಯಾಯವಾಗದಂತೆ ನೋಡುವ ನೈತಿಕ ಸಮಿತಿಯ ಅನುಮೋದನೆ ಪತ್ರ: ಅದರ ದಿನಾಂಕ, ಅವಧಿ, ಸಮಿತಿಯ ಸದಸ್ಯ ಕಾರ್ಯದರ್ಶಿಯ ಫೋನ್ ನಂಬರ್ ನೋಡಿಕೊಳ್ಳಿ. ಎರಡು, ಕಾರ್ಮಿಕರು ಆಡುವ ಭಾಷೆಯಲ್ಲಿ ಮಾಹಿತಿ ಪತ್ರ. ಅಸ್ಸಾಮಿನಿಂದ ಬಂದವರ ಕೈಗೆ ಕನ್ನಡದ ಪತ್ರ ಕೊಟ್ಟರೆ ಏನೂ ಕೊಟ್ಟಂತಲ್ಲ. ಮೂರು, ಪಾಸಿಟಿವ್ ಕಂಡವರನ್ನು ಯಾವ ಐಸಿಟಿಸಿಗೆ (ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಕ್ಕೆ) ಕಳಿಸುತ್ತಾರೆಂಬ ಬರವಣಿಗೆ. ಬೆರಳು ಚುಚ್ಚಿ ಸ್ಥಳದಲ್ಲೇ ಮಾಡುವ ಒಂದು ಪರೀಕ್ಷೆ ತೀರ್ಮಾನವಲ್ಲ, ಬರೀ ಸೂಚನೆ. ಐಸಿಟಿಸಿಯಲ್ಲಿ ಬೇರೆ ಬೇರೆ ಬಗೆಯ ಮೂರು ಪರೀಕ್ಷೆಗಳಲ್ಲೂ ಹಾಗೆಯೇ ಬಂದರೆ ಮಾತ್ರ ಪಾಸಿಟಿವ್ ಎನ್ನುತ್ತಾರೆ. ಔಷಧ ಅಥವಾ ಲಸಿಕೆಯ ಪ್ರಯೋಗವಾದರೆ ಇನ್ನೊಂದು ಕಾಗದವೂ ಬೇಕು: ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯ ಸಂಖ್ಯೆ. ಅದು ಸಿಟಿಆರ್‌ಐ ಎಂದು ಶುರುವಾಗಿ ವರ್ಷ, ತಿಂಗಳು, ಕ್ರಮಸಂಖ್ಯೆ ಹೀಗಿರುತ್ತದೆ, ಅಂತರ್ಜಾಲದಲ್ಲಿ ಯಾರು ಬೇಕಾದರೂ ಹುಡುಕಿ ನೋಡಬಹುದು.

ಇನ್ನು ರೈಟರ್, ಮೇಸ್ತ್ರಿ ಇಬ್ಬರನ್ನೂ ಆ ದಿನ ಬೇರೆ ಕೆಲಸಕ್ಕೆ ಕಳಿಸಿ. ಹಾಜರಿ ಪುಸ್ತಕ ಹಿಡಿದವರು ಹೆಸರು ಕೂಗಿದರೆ ಒಲ್ಲೆ ಎನ್ನುವ ಧೈರ್ಯ ಯಾರಿಗೂ ಬರುವುದಿಲ್ಲ. ಗೋದಾಮಿನಲ್ಲಿ ಜಾಗ ಕೊಡುವುದಾದರೆ ಒಂದು ಬಾಗಿಲಲ್ಲಿ ಹೋಗಿ ಇನ್ನೊಂದರಲ್ಲಿ ಬರುವಂತಿರಲಿ. ಪರೀಕ್ಷೆಯ ನಂತರದ ಆಪ್ತಸಮಾಲೋಚನೆಗೆ ಪ್ರತಿಯೊಬ್ಬರಿಗೂ ಒಂದೇ ಸಮಯ, ಹದಿನೈದಿಪ್ಪತ್ತು ನಿಮಿಷ, ಕೊಡುವಂತೆ ಹೇಳಿ. ನೆಗೆಟಿವ್ ಬಂದವರನ್ನು ಎರಡು ನಿಮಿಷದಲ್ಲಿ ಕಳಿಸಿ ಒಬ್ಬರನ್ನು ಮಾತ್ರ ಅರ್ಧ ಗಂಟೆ ಕೂರಿಸಿಕೊಂಡರೆ ಹೊರಗೆ ಕಾಯುವವರಿಗೆ ಬೇರೆ ರಿಪೋರ್ಟ್ ಬೇಕಿಲ್ಲ. ಗುಟ್ಟು ರಟ್ಟಾಗುವುದು ಹೆಚ್ಚಾಗಿ ಹೀಗೆಯೇ, ಕಾಗದದಿಂದಲ್ಲ.

ಕೊಯ್ಲಿನ ಸಮಯದಲ್ಲಿ ಕರೆಯಬೇಡಿ. ಕಿಲೋ ಲೆಕ್ಕದ ಕೂಲಿಯಿರುವಾಗ ಒಂದು ಗಂಟೆ ಹೋದರೆ ಅಷ್ಟು ಹಣ್ಣು ಹೋಯಿತು. ಕೂಲಿ ನಷ್ಟವನ್ನು ತಂಡ ತನ್ನ ಬಜೆಟ್ಟಿನಿಂದ ತುಂಬಿಕೊಡಬೇಕು. ಎಷ್ಟೆಂಬುದು ನೈತಿಕ ಸಮಿತಿ ಒಪ್ಪಿದ ಮಾಹಿತಿ ಪತ್ರದಲ್ಲೇ ಇರಬೇಕು. ಅಲ್ಲೇ ಅಲ್ಲೇ ಐನೂರೋ ಸಾವಿರವೋ ರೂಪಾಯಿ ಕೊಡುತ್ತೇವೆಂದರೆ ಅದನ್ನು ಆಮಿಷವೆಂದೇ ತಿಳಿಯಿರಿ.

ಪ್ರಶ್ನೆ: ಅಧ್ಯಯನಕ್ಕೆ ‘ಸಮುದಾಯ ಸಲಹಾ ಸಮಿತಿ’ ರಚಿಸಿಕೊಡಿ ಎಂದು ನಮ್ಮ ಸಂಸ್ಥೆಯನ್ನು ಕೇಳಿದ್ದಾರೆ. ಪಂಚಾಯಿತಿ ಅಧ್ಯಕ್ಷರು, ಬೆಳೆಗಾರರ ಪ್ರತಿನಿಧಿ, ಮುಖ್ಯೋಪಾಧ್ಯಾಯರು, ನಿವೃತ್ತ ಡಾಕ್ಟರು, ಒಬ್ಬ ಆಶಾ ಕಾರ್ಯಕರ್ತೆ ಹೀಗೆ ಪಟ್ಟಿ ಮಾಡಿದ್ದೇವೆ. ಸರಿಯಿದೆಯೇ? ಸಭೆ ಹೇಗೆ ನಡೆಸಬೇಕು?
– ಕ್ಷೇತ್ರ ಸಂಯೋಜಕಿ, ಕುಶಾಲನಗರ

ಇದು ಉದ್ಘಾಟನೆಯ ವೇದಿಕೆಗೆ ಸರಿಯಾದ ಪಟ್ಟಿ. ಅಧ್ಯಯನ ಯಾರ ಮೈಗೆ, ಯಾರ ಮನೆಗೆ ತಾಗುತ್ತದೋ ಅವರು ಇದರಲ್ಲಿಲ್ಲ. ಇರುವ ಗಣ್ಯರನ್ನು ಬಿಟ್ಟುಬಿಡಿ ಎನ್ನುತ್ತಿಲ್ಲ. ಅವರಿಗೆ ಬೇರೆ ಸಭೆ ಮಾಡಿ ವಿಷಯ ತಿಳಿಸಿ, ಸಹಕಾರ ಕೇಳಿ. ಒಂದೇ ಕೋಣೆಯಲ್ಲಿ ಸಾಹುಕಾರರೂ ಅವರ ತೋಟದ ಹೆಂಗಸೂ ಕೂತರೆ ಒಬ್ಬರೇ ಮಾತಾಡುತ್ತಾರೆ, ಯಾರೆಂದು ನಿಮಗೆ ಗೊತ್ತು.

ಹನ್ನೆರಡರಿಂದ ಹದಿನೈದು ಮಂದಿ ಸಾಕು. ಅರ್ಧಕ್ಕಿಂತ ಹೆಚ್ಚು ಜನ ಅಧ್ಯಯನದಲ್ಲಿ ಭಾಗವಹಿಸಬಹುದಾದ ವರ್ಗದವರೇ ಇರಲಿ: ಲೈನ್ ಮನೆಯ ಹೆಂಗಸರು, ಹೊರರಾಜ್ಯದ ಕಾರ್ಮಿಕರು, ಹಾಡಿಯವರು, ಜೀಪು-ಲಾರಿ ಚಾಲಕರು, ಲಿಂಗತ್ವ ಅಲ್ಪಸಂಖ್ಯಾತರು. ಎಚ್‌ಐವಿಯೊಂದಿಗೆ ಬದುಕುತ್ತಿರುವವರು ಕನಿಷ್ಠ ಇಬ್ಬರಿರಬೇಕು. ಒಬ್ಬರೇ ಇದ್ದರೆ ಅವರು ಇಡೀ ಸಮುದಾಯದ ವಕೀಲರಾಗಿ ಒಂಟಿಯಾಗುತ್ತಾರೆ, ಮೂರನೆಯ ಸಭೆಗೆ ಬರುವುದಿಲ್ಲ. ಯಾರು ಯಾವ ವರ್ಗದಿಂದ ಬಂದವರೆಂದು ಸಭೆಯಲ್ಲಿ ಪರಿಚಯ ಮಾಡಿಸಬೇಡಿ. ಹಾಜರಿ ಹಾಳೆಯ ತಲೆಯಲ್ಲೂ ಹೊರಗಿನ ಬೋರ್ಡಿನಲ್ಲೂ ‘ಎಚ್‌ಐವಿ’ ಎಂದು ಬರೆಯಬೇಡಿ, ಆರೋಗ್ಯ ಸಲಹಾ ಸಮಿತಿ ಎಂದರೆ ಸಾಕು. ಕೊಯ್ಲು ಮುಗಿದ ಮೇಲೆ ಹೊರಗಿನವರು ಊರಿಗೆ ಹೋಗುವುದರಿಂದ ಪ್ರತಿ ಕಾರ್ಮಿಕ ಸದಸ್ಯರಿಗೂ ಒಬ್ಬ ಬದಲಿ ಸದಸ್ಯರನ್ನು ಮೊದಲೇ ಗೊತ್ತುಮಾಡಿ.

ಯಾವಾಗ ಕೂಡಿಸಬೇಕೆಂಬುದೇ ಇದರಲ್ಲಿ ದೊಡ್ಡ ಮಾತು. ಅಧ್ಯಯನದ ಯೋಜನೆ ನೈತಿಕ ಸಮಿತಿಗೆ ಹೋಗುವ ಮೊದಲು ಮೊದಲ ಸಭೆ ಆಗಬೇಕು. ಎಲ್ಲ ಮುಗಿಸಿ ತಂದು ‘ಸಲಹೆ ಕೊಡಿ’ ಎಂದರೆ ಬದಲಿಸಲು ಏನೂ ಉಳಿದಿರುವುದಿಲ್ಲ. ಇದನ್ನು ಜಗತ್ತು ನಷ್ಟಪಟ್ಟುಕೊಂಡು ಕಲಿತಿದೆ. ಟೆನೊಫೊವಿರ್ ಎಂಬ ಗುಳಿಗೆ ಎಚ್‌ಐವಿ ಬಾರದಂತೆ ತಡೆಯುತ್ತದೆಯೇ ಎಂದು ನೋಡುವ ಪ್ರಯೋಗ 2004ರಲ್ಲಿ ಕಾಂಬೋಡಿಯಾದಲ್ಲಿ, 2005ರಲ್ಲಿ ಕ್ಯಾಮರೂನಿನಲ್ಲಿ ನಿಂತುಹೋಯಿತು. ಪ್ರಯೋಗದ ನಡುವೆ ಸೋಂಕು ತಗುಲಿದರೆ ಚಿಕಿತ್ಸೆ ಯಾರು ಕೊಡುತ್ತಾರೆ, ಎಷ್ಟು ವರ್ಷ ಕೊಡುತ್ತಾರೆ ಎಂದು ಲೈಂಗಿಕ ಕಾರ್ಯಕರ್ತೆಯರೂ ಅವರ ಪರ ನಿಂತವರೂ ಕೇಳಿದರು. ತೃಪ್ತಿಯಾಗುವ ಉತ್ತರ ಸಿಗಲಿಲ್ಲ. ಗುಳಿಗೆಯಲ್ಲಿ ದೋಷವಿರಲಿಲ್ಲ, ಸೋಂಕು ಬಾರದಂತೆ ಮೊದಲೇ ನುಂಗಲು ಇಂದು ಪ್ರೆಪ್ ಎಂದು ಕೊಡುವ ಮಾತ್ರೆಯಲ್ಲಿರುವುದು ಅದೇ ಔಷಧ. ಕೆಟ್ಟದ್ದು ಮಾತುಕತೆ. ಆ ಪೆಟ್ಟಿನ ನಂತರವೇ 2007ರಲ್ಲಿ ವಿಶ್ವಸಂಸ್ಥೆಯ ಯುಎನ್‌ಏಡ್ಸ್ ಮತ್ತು ಎಚ್‌ಐವಿ ತಡೆಗೆ ದುಡಿಯುವ ಎವಿಎಸಿ ಎಂಬ ಸರ್ಕಾರೇತರ ಸಂಸ್ಥೆ ಸಮುದಾಯದ ಪಾಲ್ಗೊಳ್ಳುವಿಕೆಗೆ ಮಾರ್ಗಸೂಚಿ ತಂದವು. 2011ರಲ್ಲಿ ಅದು ಪರಿಷ್ಕರಣೆಗೊಂಡಿತು. ಒಳ್ಳೆಯ ಮಾದರಿಗೆ ದೂರ ಹೋಗಬೇಕಿಲ್ಲ. ಪಕ್ಕದ ಮೈಸೂರಿನಲ್ಲಿ ಪ್ರೆಪ್ ಮಾತ್ರೆಯ ಪ್ರಾಯೋಗಿಕ ಯೋಜನೆ ನಡೆದದ್ದು ಲೈಂಗಿಕ ಕಾರ್ಯಕರ್ತರದೇ ಸಂಘಟನೆಯಾದ ಆಶೋದಯ ಸಮಿತಿಯ ಮೂಲಕ.

ಸಭೆಗೆ ಒಂದೂವರೆ ಗಂಟೆ ಸಾಕು. ಕೊನೆಯ ಬಸ್ಸಿನ ಹೊತ್ತು ನೋಡಿ ಸಮಯ ಇಡಿ. ಬಸ್ ಚಾರ್ಜು, ಕೂಲಿ ನಷ್ಟ ಎರಡನ್ನೂ ಅಂದೇ ಕೈಗೆ ಕೊಡಿ, ಎಲ್ಲರಿಗೂ ಒಂದೇ ಮೊತ್ತ. ಮೊದಲ ಸಭೆಯಲ್ಲಿ ಸಂಶೋಧನೆಗೂ ಚಿಕಿತ್ಸೆಗೂ ಇರುವ ವ್ಯತ್ಯಾಸವನ್ನು ಬಿಟ್ಟು ಬೇರೇನೂ ಬೇಡ. ಡಾಕ್ಟರು ಕೊಟ್ಟದ್ದೆಲ್ಲ ಗುಣವಾಗಲಿಕ್ಕೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಪ್ರಯೋಗದಲ್ಲಿ ಕೊಡುವುದು ಕೆಲಸ ಮಾಡುತ್ತದೆಯೇ ಎಂಬುದೇ ಇನ್ನೂ ಗೊತ್ತಿಲ್ಲ, ಅದಕ್ಕೇ ಪ್ರಯೋಗ ಎಂಬುದು ತಲೆಗೆ ಹೋಗಲು ಹೊತ್ತು ಬೇಕು. ಎರಡನೆಯದರಲ್ಲಿ ಚೀಟಿ ಎತ್ತಿಸಿ ಗುಂಪು ಹಂಚಿಕೆ ತೋರಿಸಿ: ಡಬ್ಬಿಯಲ್ಲಿ ಇಪ್ಪತ್ತು ಚೀಟಿ, ಹತ್ತರಲ್ಲಿ ‘ಅ’, ಹತ್ತರಲ್ಲಿ ‘ಆ’. ಯಾರು ಯಾವ ಗುಂಪಿಗೆ ಹೋಗಬೇಕೆಂದು ಡಾಕ್ಟರೂ ತೀರ್ಮಾನಿಸುವುದಿಲ್ಲ ಎಂಬುದು ಆಗ ಕಣ್ಣಿಗೆ ಕಾಣುತ್ತದೆ. ಮೂರನೆಯ ಸಭೆಯಲ್ಲಿ ಒಪ್ಪಿಗೆ ಪತ್ರವನ್ನು ಗಟ್ಟಿಯಾಗಿ ಓದಿಸಿ, ಅರ್ಥವಾಗದ ಸಾಲಿಗೆಲ್ಲ ಗೀಟು ಹಾಕಿಸಿ.

ಒಂದು ರಿಜಿಸ್ಟರ್ ಇಡಿ, ಮೂರು ಕಲಂ: ಸಮಿತಿ ಏನು ಹೇಳಿತು, ತಂಡ ಏನು ಮಾಡಿತು, ಮಾಡದಿದ್ದರೆ ಯಾಕೆ. ಪ್ರತಿ ಸಭೆಯೂ ಈ ಪುಸ್ತಕ ಓದುವುದರಿಂದಲೇ ಶುರುವಾಗಲಿ. ಎರಡನೆಯ ಕಲಂ ಮೂರು ಸಭೆ ಕಳೆದರೂ ಖಾಲಿಯಿದ್ದರೆ ನಿಮ್ಮ ಸಮಿತಿ ಫೋಟೊಕ್ಕೆ ಮಾತ್ರ ಇದೆ.

ತಪ್ಪಿಸಲೇಬೇಕಾದ ಒಂದು ಅಭ್ಯಾಸವಿದೆ. ಸಮಿತಿಯ ಸದಸ್ಯರಿಗೆ ತಲೆಗಿಷ್ಟು ಎಂದು ಹಣ ಕೊಟ್ಟು ಜನರನ್ನು ಕರೆತರಿಸುವುದು. ಪ್ರಶ್ನೆ ಕೇಳಬೇಕಾದವರು ಅಂದಿನಿಂದ ಏಜೆಂಟರಾಗುತ್ತಾರೆ. ಇನ್ನು, ಸಮಿತಿ ಒಪ್ಪಿತೆಂದರೆ ಜನ ಒಪ್ಪಿದಂತಲ್ಲ. ನೈತಿಕ ಸಮಿತಿಯ ಕೆಲಸವೇ ಬೇರೆ, ಇದರದೇ ಬೇರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ನೈತಿಕ ಸಮಿತಿಯಲ್ಲಿ 7ರಿಂದ 15 ಸದಸ್ಯರು, ಅಧ್ಯಕ್ಷರು ಹೊರಗಿನವರು, ಒಬ್ಬ ಸಾಮಾನ್ಯ ನಾಗರಿಕರೂ ಇರಬೇಕು.

ಪ್ರಶ್ನೆ: ನಮ್ಮದು ಎರವರ ಹಾಡಿ. ಯಜಮಾನರನ್ನು ಕೇಳಿ ಸರ್ವೆಯವರು ಬಂದರು, ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ಇದು ಕ್ರಮವೇ?
– ಪದವಿ ವಿದ್ಯಾರ್ಥಿ, ಪೊನ್ನಂಪೇಟೆ ತಾಲ್ಲೂಕು

ಅರ್ಧ ಕ್ರಮ. ಅದೇ 2017ರ ಮಾರ್ಗಸೂಚಿ ಬುಡಕಟ್ಟು ಜನರ ಬಗ್ಗೆ ಬಿಡಿಸಿ ಹೇಳಿದೆ. ಆ ಜನಕ್ಕೇ ಉಪಯೋಗವಾಗುವ ರೋಗಪತ್ತೆ, ಚಿಕಿತ್ಸೆ, ತಡೆಗಟ್ಟುವಿಕೆಯ ಸಂಶೋಧನೆಯಾಗಿರಬೇಕು. ಒಳಗೆ ಕಾಲಿಡುವ ಮೊದಲು ಜಿಲ್ಲಾಧಿಕಾರಿ ಅಥವಾ ಬುಡಕಟ್ಟು ಕಲ್ಯಾಣದ ಸಕ್ಷಮ ಅಧಿಕಾರಿಯ ಅನುಮತಿ ಬೇಕು. ಹಿರಿಯರೊಡನೆ, ಅಲ್ಲಿಯ ಭಾಷೆ ಬಲ್ಲವರೊಡನೆ ಮಾತಾಡಿ, ಸಾಕ್ಷಿಗಳ ಎದುರು ಒಪ್ಪಿಗೆ ಪಡೆಯಬೇಕು. ಯಜಮಾನರ ಮಾತು ಇದರಲ್ಲಿ ಒಂದು ಮೆಟ್ಟಿಲು ಮಾತ್ರ, ಅದಾದ ಮೇಲೆ ಒಬ್ಬೊಬ್ಬರ ಒಪ್ಪಿಗೆ.

ಹೆಬ್ಬೆಟ್ಟಿನ ಪಕ್ಕದಲ್ಲಿ ಓದುಬರಹ ಬಲ್ಲ ಸಾಕ್ಷಿಯ ಸಹಿ ಇರಬೇಕು. ಸಾಕ್ಷಿ ತಂಡದವರಾಗಿರಬಾರದು, ಕೆಲಸ ಕೊಟ್ಟವರ ಕಡೆಯವರೂ ಆಗದಿದ್ದರೆ ಒಳ್ಳೆಯದು. ಪತ್ರದ ಒಂದು ಪ್ರತಿ ಹೆಬ್ಬೆಟ್ಟು ಒತ್ತಿದವರ ಮನೆಯಲ್ಲಿರಬೇಕು. ನಿಮ್ಮ ಹಾಡಿಯಲ್ಲಿ ಆ ಪ್ರತಿ ಇಲ್ಲದಿದ್ದರೆ ಕೇಳಿ ಪಡೆಯಿರಿ.

ಎರವ ಭಾಷೆಯವರಿಗೆ ಕನ್ನಡದ ಮೂರು ಪುಟ ಓದಿ ಹೇಳುವುದಕ್ಕಿಂತ, ಅವರದೇ ಮಾತಿನಲ್ಲಿ ಆರೇಳು ನಿಮಿಷ ರೆಕಾರ್ಡ್ ಮಾಡಿ ಮೊಬೈಲಿನಲ್ಲಿ ಕೇಳಿಸುವುದು ಮೇಲು. ಕೇಳಿಸಿದ ಮೇಲೆ ‘ಗೊತ್ತಾಯಿತಾ’ ಎಂದು ಕೇಳಬಾರದು, ಹೂಂ ಎಂದೇ ಬರುತ್ತದೆ. ಬದಲಿಗೆ ಮೂರು ಪ್ರಶ್ನೆ: ರಕ್ತ ತೆಗೆದು ಏನು ಮಾಡುತ್ತಾರೆ? ಬೇಡ ಅಂದರೆ ನಿಮಗೇನಾಗುತ್ತದೆ? ಇದರಿಂದ ನಿಮಗೆ ಔಷಧಿ ಸಿಗುತ್ತದಾ? ಮೂರಕ್ಕೂ ಅವರ ಬಾಯಿಂದಲೇ ಸರಿಯಾದ ಉತ್ತರ ಬರದಿದ್ದರೆ ಹೆಬ್ಬೆಟ್ಟು ಒತ್ತಿಸಬಾರದು. ರಕ್ತದ ಪ್ರಮಾಣವನ್ನು ಚಮಚದಲ್ಲಿ ಹೇಳಬೇಕು: 5 ಮಿಲಿ ಎಂದರೆ ಒಂದು ಟೀ ಚಮಚ. ಬಾಟಲಿಗಟ್ಟಲೆ ತೆಗೆದು ಮಾರುತ್ತಾರೆಂಬ ಗುಲ್ಲು ಹುಟ್ಟುವುದು ಪ್ರಮಾಣ ಹೇಳದೆ ಇದ್ದಲ್ಲೇ.

ಆಶ್ರಮ ಶಾಲೆಯ ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ನಡೆದ, ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಅಧ್ಯಯನವನ್ನು 2010ರಲ್ಲಿ ಸರ್ಕಾರ ನಿಲ್ಲಿಸಬೇಕಾಯಿತು. ಬುಡಕಟ್ಟು ಹುಡುಗಿಯರ ಎಷ್ಟೋ ಒಪ್ಪಿಗೆ ಪತ್ರಗಳಿಗೆ ಸಹಿ ಹಾಕಿದ್ದು ತಂದೆತಾಯಿಯಲ್ಲ, ಹಾಸ್ಟೆಲ್ ವಾರ್ಡನ್ನರು. ಸಂಸದೀಯ ಸಮಿತಿ 2013ರಲ್ಲಿ ಅದನ್ನು ಕಟುವಾಗಿ ಟೀಕಿಸಿತು.

ಪ್ರಶ್ನೆ: ಖಾಸಗಿ ವಿಷಯ ಕೇಳಿದರೆ ಯಾರು ನಿಜ ಹೇಳುತ್ತಾರೆ? ಇಂಥ ಸಮೀಕ್ಷೆಗಳಿಗೆ ಬೆಲೆ ಏನು?
– ಸಮಾಜಕಾರ್ಯ ವಿದ್ಯಾರ್ಥಿನಿ, ಮಡಿಕೇರಿ

ಎದುರಿಗೆ ಕೂತು ಕೇಳಿದರೆ ಬೆಲೆ ಕಡಿಮೆಯೇ. 2009ರಿಂದ 2012ರವರೆಗೆ ದಕ್ಷಿಣ ಆಫ್ರಿಕಾ, ಉಗಾಂಡಾ, ಜಿಂಬಾಬ್ವೆಗಳಲ್ಲಿ 5,029 ಮಹಿಳೆಯರೊಡನೆ ಎಚ್‌ಐವಿ ತಡೆಯುವ ಔಷಧದ ‘ವಾಯ್ಸ್’ ಎಂಬ ಪ್ರಯೋಗ ನಡೆಯಿತು. ಅವರ ಮಾತು, ಹಿಂದಿರುಗಿಸಿದ ಮಾತ್ರೆಗಳ ಲೆಕ್ಕ ನೋಡಿದರೆ ಸುಮಾರು ಶೇ. 90ರಷ್ಟು ಸರಿಯಾಗಿ ಬಳಸಿದ್ದರು. ರಕ್ತ ನೋಡಿದರೆ ಔಷಧ ಕಂಡದ್ದು ಶೇ. 30 ಅಥವಾ ಅದಕ್ಕಿಂತ ಕಡಿಮೆ ಮಾದರಿಗಳಲ್ಲಿ. ಆ ಹೆಂಗಸರನ್ನು ಸುಳ್ಳುಗಾರ್ತಿಯರೆಂದು ಬೈದು ಪ್ರಯೋಜನವಿಲ್ಲ. ಮಾತ್ರೆ ನುಂಗುವುದನ್ನು ನೋಡಿದ ನೆರೆಹೊರೆಯವರು ರೋಗವಿದೆ ಎಂದುಕೊಂಡಾರೆಂಬ ಭಯ, ಗಂಡನ ಭಯ, ಮಾತ್ರೆಯ ಮೇಲೇ ಅನುಮಾನ. ಇವನ್ನು ಹೇಳಿಕೊಳ್ಳುವ ಜಾಗ ಇರಲಿಲ್ಲ. ಸಮುದಾಯದೊಡನೆ ಮಾತುಕತೆ ಸೌಜನ್ಯಕ್ಕೆ ಮಾಡುವ ಕೆಲಸ ಎಂದುಕೊಂಡವರು ಈ ಅಂಕಿ ನೋಡಬೇಕು. ಅದು ಕೆಟ್ಟರೆ ಫಲಿತಾಂಶವೇ ಕೆಡುತ್ತದೆ.

ಕರ್ನಾಟಕದಲ್ಲಿ ಚೆನ್ನಾಗಿ ಬಳಕೆಯಾದ ಒಂದು ಉಪಾಯ ಮತಗಟ್ಟೆ ಸಮೀಕ್ಷೆ. ಒಂದೇ ಬಗೆಯ ಹತ್ತು ಹನ್ನೆರಡು ಮಂದಿಯ ಗುಂಪು, ಪ್ರತಿಯೊಬ್ಬರಿಗೂ ಪರದೆ ಅಥವಾ ರಟ್ಟಿನ ಮರೆ, ಕಾಫಿ ಒಣಗಿಸುವ ಕಣದಲ್ಲೂ ಮಾಡಬಹುದು. ಪ್ರತಿಯೊಬ್ಬರ ಮುಂದೆ ಮೂರು ಡಬ್ಬಿ: ಹಸಿರು ಹೌದು, ಕೆಂಪು ಇಲ್ಲ, ಬಿಳಿ ನನಗೆ ಅನ್ವಯಿಸದು. ಕೈಯಲ್ಲಿ ಪ್ರಶ್ನೆಯ ಸಂಖ್ಯೆಯಿರುವ ಚೀಟಿಗಳ ಕಟ್ಟು. ಹೊರಗೆ ನಿಂತವರು ಪ್ರಶ್ನೆಯನ್ನು ಗಟ್ಟಿಯಾಗಿ ಓದುತ್ತಾರೆ, ಒಳಗಿರುವವರು ಆ ಸಂಖ್ಯೆಯ ಚೀಟಿಯನ್ನು ತಮ್ಮ ಉತ್ತರದ ಡಬ್ಬಿಗೆ ಹಾಕುತ್ತಾರೆ. ಕೊನೆಗೆ ಇಡೀ ಗುಂಪಿನ ಹಸಿರು ಡಬ್ಬಿಗಳನ್ನು ಒಟ್ಟಿಗೆ ಸುರಿದು ಎಣಿಸುತ್ತಾರೆ, ಕೆಂಪು, ಬಿಳಿಯೂ ಹಾಗೆಯೇ. ಹನ್ನೆರಡು ಮಂದಿ, ಹದಿನೈದು ಪ್ರಶ್ನೆ ಎಂದರೆ 180 ಚೀಟಿ ಬರಬೇಕು. ಎರಡೋ ಮೂರೋ ಕಡಿಮೆ ಬಂದರೆ ಯಾವ ಪ್ರಶ್ನೆಯದೆಂದು ನೋಡಿ ಬರೆದುಕೊಳ್ಳಿ.

ಕೆಡುವುದು ಸಣ್ಣ ವಿಷಯಗಳಲ್ಲಿ. ಮೇಸ್ತ್ರಿಯ ಹೆಂಡತಿ ಅದೇ ಗುಂಪಿನಲ್ಲಿದ್ದರೆ ಮರೆ ಇದ್ದೂ ಇಲ್ಲದಂತೆ. ‘ಕಳೆದ ತಿಂಗಳು ಕುಡಿದು ಕಾಂಡೊಮ್ ಇಲ್ಲದೆ ಸೇರಿದ್ದೀರಾ’ ಎಂದು ಎರಡು ಪ್ರಶ್ನೆಯನ್ನು ಒಂದರಲ್ಲಿ ತುರುಕಿದರೆ ‘ಇಲ್ಲ’ಕ್ಕೆ ಅರ್ಥವೇ ಇರದು. ಅಂಕಿ ಓದಲು ಬಾರದವರಿಗೆ ಚೀಟಿಯ ಮೇಲೆ ಚಿತ್ರ ಇರಲಿ: ಆನೆ, ಮರ, ಕೊಡೆ. ಕೆಂಪು-ಹಸಿರು ಬಣ್ಣ ಬೇರೆ ಮಾಡಿ ಕಾಣದ ಗಂಡಸರೂ ಇರುತ್ತಾರೆ, ಡಬ್ಬಿಗೆ ಬಣ್ಣದ ಜೊತೆ ಗುರುತೂ ಬೇಕು. ಮೊದಲ ಎರಡು ಪ್ರಶ್ನೆ ಅಭ್ಯಾಸಕ್ಕೆ: ಬೆಳಿಗ್ಗೆ ಕಾಫಿ ಕುಡಿದಿರಾ ಎಂಬಂಥವು. ಈ ವಿಧಾನದ ಮಿತಿಯನ್ನೂ ಮರೆಯಬೇಡಿ. ಯಾರ ಉತ್ತರ ಯಾವುದೆಂದು ಗೊತ್ತಾಗದ ಕಾರಣ, ಕುಡಿಯುವವರೇ ಅಪಾಯಕ್ಕೆ ಒಡ್ಡಿಕೊಳ್ಳುತ್ತಾರೆಯೇ ಎಂಬಂಥ ಸಂಬಂಧವನ್ನು ಇದರಿಂದ ತೆಗೆಯಲಾಗದು.

ಪ್ರಶ್ನೆ: ಮಗ ಸೇನೆಗೆ ಸೇರಲು ತಯಾರಿ ನಡೆಸಿದ್ದಾನೆ. ಬೆಂಗಳೂರಿನಲ್ಲಿ ಗೆಳೆಯರು ಎಚ್‌ಐವಿ ಲಸಿಕೆಯ ಪ್ರಯೋಗ ಎಲ್ಲಾದರೂ ನಡೆದರೆ ಸೇರೋಣ ಎನ್ನುತ್ತಾರಂತೆ. ಲಸಿಕೆಯಿಂದಲೇ ರೋಗ ಬರುವುದಿಲ್ಲವೇ?
– ತಾಯಿ, ಗೋಣಿಕೊಪ್ಪಲು

ರೋಗ ಬರುವುದಿಲ್ಲ. ಪ್ರಯೋಗದ ಲಸಿಕೆಗಳಲ್ಲಿ ಜೀವಂತ ಎಚ್‌ಐವಿ ಇರುವುದಿಲ್ಲ. ಆದರೆ ನಿಮ್ಮ ಆತಂಕದ ಪಕ್ಕದಲ್ಲೇ ಒಂದು ನಿಜವಾದ ತೊಡಕಿದೆ. ಸಾಮಾನ್ಯ ಎಚ್‌ಐವಿ ಪರೀಕ್ಷೆ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯವನ್ನು. ಲಸಿಕೆಯ ಕೆಲಸವೇ ಪ್ರತಿಕಾಯ ಹುಟ್ಟಿಸುವುದು. ಹಾಗಾಗಿ ಸೋಂಕಿಲ್ಲದಿದ್ದರೂ ಪರೀಕ್ಷೆ ಪಾಸಿಟಿವ್ ತೋರಿಸಬಹುದು, ಕೆಲವರಲ್ಲಿ ವರ್ಷಗಟ್ಟಲೆ. ಉದ್ಯೋಗದ ವೈದ್ಯಕೀಯ ತಪಾಸಣೆ, ಗಲ್ಫ್ ವೀಸಾ, ರಕ್ತದಾನ, ಎಲ್ಲ ಕಡೆ ಇದು ಕೈ ಕಟ್ಟುತ್ತದೆ. ವೈರಸ್ಸನ್ನೇ ನೇರವಾಗಿ ಹುಡುಕುವ ಆರ್‌ಎನ್‌ಎ ಪರೀಕ್ಷೆಯಿಂದ ಸತ್ಯ ತಿಳಿಯುತ್ತದೆ. ಆದರೆ ತಪಾಸಣಾ ಕೇಂದ್ರದಲ್ಲಿ ಅದನ್ನು ಯಾರು ಮಾಡಿಸಿಕೊಡುತ್ತಾರೆ, ಪ್ರಯೋಗ ಮುಗಿದು ಐದು ವರ್ಷದ ಮೇಲೂ ಮಾಡಿಸಿಕೊಡುತ್ತಾರೆಯೇ, ಗುರುತಿನ ಪತ್ರ ಕೊಡುತ್ತಾರೆಯೇ ಎಂದು ಸಹಿಗೆ ಮೊದಲು ಬರವಣಿಗೆಯಲ್ಲಿ ಪಡೆಯಬೇಕು. ನೌಕರಿಯ ಹೊಸ್ತಿಲಲ್ಲಿರುವ ಹುಡುಗ ಈ ಒಂದು ಕಾರಣಕ್ಕೇ ದೂರ ಉಳಿದರೆ ತಪ್ಪಿಲ್ಲ.

ಅಂದಹಾಗೆ, ಆರು ತಿಂಗಳಿಗೊಮ್ಮೆ ಕೊಡುವ ಲೆನಕಾಪವಿರ್ ಚುಚ್ಚುಮದ್ದನ್ನು ಪತ್ರಿಕೆಗಳು ‘ಎಚ್‌ಐವಿ ಲಸಿಕೆ’ ಎಂದು ಬರೆದದ್ದುಂಟು. ಅದು ಲಸಿಕೆಯಲ್ಲ, ಔಷಧ. 2024ರಲ್ಲಿ ಪ್ರಕಟವಾದ ಆಫ್ರಿಕಾದ ಅಧ್ಯಯನದಲ್ಲಿ ಅದನ್ನು ಪಡೆದ 2,134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗುಲಲಿಲ್ಲ. ಬಳಕೆಗೆ ಒಪ್ಪಿಗೆ ಪಡೆದ ಎಚ್‌ಐವಿ ಲಸಿಕೆ ಇನ್ನೂ ಜಗತ್ತಿನಲ್ಲಿ ಇಲ್ಲ.

ಪ್ರಶ್ನೆ: ನಾನು ಎಚ್‌ಐವಿ ಚಿಕಿತ್ಸೆಯ ಎಆರ್‌ಟಿ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಅಧ್ಯಯನಕ್ಕೆ ಸೇರಲ್ಲ ಎಂದರೆ ಮಾತ್ರೆ ನಿಲ್ಲಿಸಿಬಿಟ್ಟರೆ? ಸೇರಿದರೆ ವರದಿಯಲ್ಲಿ ಗುರುತು ಸಿಕ್ಕರೆ?
– ಹೆಸರು, ಊರು ಬೇಡ

ಮಾತ್ರೆ ಸರ್ಕಾರದ ಉಚಿತ ಚಿಕಿತ್ಸೆಯದು, ಅಧ್ಯಯನಕ್ಕೂ ಅದಕ್ಕೂ ಗಂಟು ಹಾಕುವಂತಿಲ್ಲ. ಮಧ್ಯದಲ್ಲಿ ಬಿಟ್ಟು ಬಂದರೂ ಅಷ್ಟೇ. ನಿಮ್ಮನ್ನು ಮೊದಲು ಕೇಳಬೇಕಾದವರು ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕರು. ನೀವು ಹೂಂ ಅನ್ನುವ ಮೊದಲೇ ಸಂಶೋಧನಾ ತಂಡದವರು ಫೋನ್ ಮಾಡಿದರೆ ನಂಬರ್ ಎಲ್ಲಿಂದ ಸಿಕ್ಕಿತೆಂದು ಕೇಳಿ, ನೈತಿಕ ಸಮಿತಿಗೆ ತಿಳಿಸಿ. ಏನೇ ಗೊಂದಲವಿದ್ದರೂ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಬಹುದು, ಉಚಿತ.

ಗುರುತಿನ ಭಯ ನಮ್ಮಂಥ ಜಿಲ್ಲೆಯಲ್ಲಿ ಸಕಾರಣ. ಹೆಸರು ತೆಗೆದರೆ ಸಾಲದು. ‘ಸೋಮವಾರಪೇಟೆ ತಾಲ್ಲೂಕು, 34 ವರ್ಷ, ವಿಧವೆ, ಅಂಗನವಾಡಿಯಲ್ಲಿ ಕೆಲಸ’ ಎಂದರೆ ಹೆಸರು ಹೇಳಿದಂತೆಯೇ. ವರದಿಯ ಕೋಷ್ಟಕದ ಯಾವುದೇ ಚೌಕದಲ್ಲಿ ಐದಕ್ಕಿಂತ ಕಡಿಮೆ ಜನರಿದ್ದರೆ ಆ ಅಂಕಿಯನ್ನು ಮುಚ್ಚಬೇಕು, ಊರಿನ ಬದಲು ಜಿಲ್ಲೆ, ವಯಸ್ಸಿನ ಬದಲು ‘30–39’ ಎಂದು ಹಾಕಬೇಕು. ಹೆಸರಿಗೂ ಸಂಕೇತಕ್ಕೂ ನಂಟು ತೋರಿಸುವ ಹಾಳೆ ಉತ್ತರಗಳಿರುವ ಕಂಪ್ಯೂಟರಿನಲ್ಲಿ ಇರಬಾರದು. ಇಷ್ಟನ್ನೂ ಸೇರುವ ಮುನ್ನವೇ ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ಎರಡು ವರ್ಷದ ಹಿಂದೆ ನಮ್ಮೂರಲ್ಲಿ ಸಮೀಕ್ಷೆ ಮಾಡಿ ಹೋದವರು ಮತ್ತೆ ಮುಖ ತೋರಿಸಿಲ್ಲ. ಏನು ಮಾಡಬಹುದು?
– ಗ್ರಾಮ ಪಂಚಾಯಿತಿ ಸದಸ್ಯೆ, ಮಡಿಕೇರಿ ತಾಲ್ಲೂಕು

ಯಾರ ಮನೆಯಲ್ಲಾದರೂ ಮಾಹಿತಿ ಪತ್ರ ಉಳಿದಿರುತ್ತದೆ, ಅದರಲ್ಲಿ ನೈತಿಕ ಸಮಿತಿಯ ವಿಳಾಸವಿದೆ. ಪಂಚಾಯಿತಿಯ ಲೆಟರ್‌ಹೆಡ್ಡಿನಲ್ಲಿ ಅಧ್ಯಯನದ ಹೆಸರು, ತಿಂಗಳು, ಊರು ಬರೆದು ಆ ಸಮಿತಿಗೆ ಕಳಿಸಿ, ಪ್ರಧಾನ ಸಂಶೋಧಕರಿಗೆ ಒಂದು ಪ್ರತಿ. ಕೇಳಬೇಕಾದದ್ದು ಇಷ್ಟು: ಒಂದು ಪುಟದ ಕನ್ನಡ ಸಾರಾಂಶ, ನಮ್ಮ ಮಾತಿನಲ್ಲಿ ವಿವರಿಸುವ ಒಂದು ಸಭೆ, ಉಳಿದ ರಕ್ತದ ಮಾದರಿಗಳು ಎಲ್ಲಿವೆ, ಮುಂದೆ ಬೇರೆ ಸಂಶೋಧನೆಗೆ ಬಳಸುತ್ತಾರೆಯೇ, ಅದಕ್ಕೆ ಆಗ ಒಪ್ಪಿಗೆ ಪಡೆದಿದ್ದರೇ.

ಸಭೆಗೆ ದಿನ ಕೊಟ್ಟರೆ ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆ ತಿಂಗಳನ್ನೂ, ಮಡಿಕೇರಿಯ ಶುಕ್ರವಾರದ ಸಂತೆಯನ್ನೂ ತಪ್ಪಿಸಿ. ಅಂಕಿಯನ್ನು ಊರುವಾರು ಬಿಡಿಸಿ ತೋರಿಸಬೇಡಿ ಎಂದು ಮೊದಲೇ ಹೇಳಿ. ಪಕ್ಕದ ಊರಿಗಿಂತ ನಮ್ಮೂರಲ್ಲಿ ಹೆಚ್ಚು ಎಂದು ಒಂದು ಸ್ಲೈಡಿನಲ್ಲಿ ಕಂಡರೆ, ಅದರ ಪೆಟ್ಟು ಬೀಳುವುದು ಮದುವೆಯ ವಯಸ್ಸಿಗೆ ಬಂದ ಹುಡುಗಿಯರ ಮೇಲೆ.